ಬೀಡಿಯ ಕೆಮ್ಮು

ನಮ್ಮ ವಾಚನಾಲಯಕ್ಕೆ ಬೆಳಗ್ಗೆ ಪತ್ರಿಕೆ ಓದಲು ಬರುವ ಮಿತ್ರರಲ್ಲಿ ಕೆಲವರು ಮೆಟ್ಟಿಲ ಬಳಿ ನಿಂತು ಕೆಮ್ಮಿ, ಕಫ ತೆಗೆದು ಒಳಗೆ ಬರುತ್ತಾರೆ. ಕೇಳಿದರೆ, “ಬೀಡಿಯ ಕೆಮ್ಮು, ಏನೂ ಇಲ್ಲ” ಎನ್ನುತ್ತಾರೆ. ಆ ಕೆಮ್ಮಿನ ಮೂಲವನ್ನು ತಿಳಿಯೋಣ.

ಶ್ವಾಸನಾಳಗಳ ಒಳಮೈಗೆ ಜೀವಕೋಶಗಳ ತೆಳುವಾದ ಹೊದಿಕೆಯುಂಟು. ಅವುಗಳಲ್ಲಿ ಕೆಲವು ಅಂಟಾದ ಲೋಳೆಯನ್ನು ಸ್ರವಿಸುತ್ತವೆ. ಮಿಕ್ಕ ಅನೇಕ ಕೋಶಗಳ ನೆತ್ತಿಯ ಮೇಲೆ ಸುಮಾರು 200 ಸೂಕ್ಷ್ಮ ರೋಮಗಳಿವೆ. ಉಸಿರಿನೊಡನೆ ಬಂದ ಧೂಳು, ರೋಗಾಣುಗಳು ಲೋಳೆಗೆ ಅಂಟುತ್ತವೆ. ರೋಮಗಳು ಸೆಕೆಂಡಿಗೆ ಸುಮಾರು 10 ಬಾರಿ ಬೀಸಿ ಅದನ್ನು ಗಂಟಲಿನ ಕಡೆಗೆ ಸಾಗಿಸುತ್ತವೆ.

ತಂಬಾಕಿನ ಹೊಗೆ ಈ ರೋಮಗಳ ಚಲನೆಯನ್ನು ಕುಂದಿಸುತ್ತದೆ. ಬಹುಕಾಲ ಸೇದಿದವರಲ್ಲಿ ಅವು ಗಿಡ್ಡವಾಗುತ್ತವೆ, ನಾಶವೂ ಆಗುತ್ತವೆ. ಲೋಳೆಯೋ ಹೆಚ್ಚುತ್ತದೆ. ಕಸ ಹೆಚ್ಚಿತು, ಗುಡಿಸುವವರು ಕಡಿಮೆಯಾದರು. ಉಳಿದ ದಾರಿ ಕೆಮ್ಮೊಂದೇ. ಕ್ರಮೇಣ ರೋಮವುಳ್ಳ ಕೋಶಗಳ ಜಾಗದಲ್ಲಿ ಚಪ್ಪಟೆ ಕೋಶಗಳು ಬೆಳೆಯುತ್ತವೆ. ಹೊಗೆಯ ವಿಷಗಳು ಕೋಶದ ಡಿ.ಎನ್.ಎ.ಯನ್ನೂ ಕೆಡಿಸುವುದರಿಂದ ಕ್ಯಾನ್ಸರು ಹುಟ್ಟಬಹುದು. ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ಬ್ರಿಟನ್ನಿನ ಡಾಲ್ ಮತ್ತು ಹಿಲ್ ಎಂಬವರು 1950ರಲ್ಲಿಯೇ ಲಂಡನ್ನಿನ ಆಸ್ಪತ್ರೆಗಳ ರೋಗಿಗಳನ್ನು ವಿಚಾರಿಸಿ ತೋರಿಸಿದರು. ಬೀಡಿಯೂ ಇದಕ್ಕೆ ಹೊರತಲ್ಲ.

ಸಮಾಧಾನದ ಮಾತೂ ಉಂಟು. ಸೇದುವುದನ್ನು ಬಿಟ್ಟರೆ ಕೆಲವು ತಿಂಗಳುಗಳಲ್ಲಿ ರೋಮಗಳು ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತವೆ. ಬಿಟ್ಟ ಹೊಸತರಲ್ಲಿ ಕೆಮ್ಮು ಹೆಚ್ಚಿದಂತೆ ಕಂಡರೆ ಹೆದರಿ ಮತ್ತೆ ಬೀಡಿ ಹಚ್ಚಬಾರದು. ಆದರೆ ಒಮ್ಮೆ ನಾಶವಾದ ಗಾಳಿಚೀಲಗಳು ಮರಳಿ ಬಾರವು. ಎರಡು ವಾರ ಮೀರಿದ ಕೆಮ್ಮನ್ನೂ, ಕಫದಲ್ಲಿ ಕಂಡ ರಕ್ತವನ್ನೂ ವೈದ್ಯರಿಗೆ ತೋರಿಸಲೇಬೇಕು. ಮೆಟ್ಟಿಲ ಬಳಿಯ ನಮ್ಮ ಮಿತ್ರರು ತಡಮಾಡದಿರಲೆಂದು ನಮ್ಮ ವಿನಂತಿ.