ಧಾರವಾಡಕ್ಕೂ ಭದ್ರಾವತಿಗೂ ಒಂದೇ ತಿರುವು

ಅಬಲೂರಿನಿಂದ ಮೆಣಸಿನಕಾಯಿ ಚೀಲ ಹೇರಿಕೊಂಡು ಬ್ಯಾಡಗಿ ಪೇಟೆಗೆ ಹೊರಟ ಟೆಂಪೋದಲ್ಲಿ ಡ್ರೈವರನ ಪಕ್ಕ ಕೂತವನಿಗೆ ಒಂದು ಕೆಲಸ ತಪ್ಪುತ್ತಿರಲಿಲ್ಲ: ರೇಡಿಯೋದ ಗುಂಡಿ ತಿರುಗಿಸುವುದು. ಟೆಂಪೋ ನಮ್ಮ ಸೋದರಮಾವನದು. "ನನ್ನ ಕೈ ಸ್ಟಿಯರಿಂಗ್ ಮ್ಯಾಲೆ ಇರಬೇಕು. ನೀ ತಿರುವು" ಎನ್ನುತ್ತಿದ್ದ. ಹೀಗಾಗಿ ಶಾಲೆಯಲ್ಲಿ ಮಗ್ಗಿ ತಪ್ಪಿದರೂ ಎರಡು ಸಂಖ್ಯೆ ನನಗೆ ಎಂದೂ ತಪ್ಪಲಿಲ್ಲ. 765 ಕಿಲೋಹರ್ಟ್ಜ್ ಧಾರವಾಡ ಆಕಾಶವಾಣಿ, 675 ಭದ್ರಾವತಿ. ಅವೇ ಮೂರು ಅಂಕಿ, ಜಾಗ ಮಾತ್ರ ಅದಲುಬದಲು.

ಅಬಲೂರನ್ನು ಸರ್ವಜ್ಞನ ಹೆಸರಿನಿಂದಲೋ ಏಕಾಂತದ ರಾಮಯ್ಯನ ಶಾಸನದಿಂದಲೋ ಬಲ್ಲವರು ಅನೇಕರು. ರೇಡಿಯೋ ಕೇಳುಗರಿಗೆ ಈ ಊರು ಇನ್ನೊಂದು ಕಾರಣಕ್ಕೂ ಒಳ್ಳೆಯ ಜಾಗ. ಉತ್ತರಕ್ಕೆ 1950ರಲ್ಲಿ ಆರಂಭವಾದ ಧಾರವಾಡ ಕೇಂದ್ರ, ದಕ್ಷಿಣಕ್ಕೆ 1965ರ ಭದ್ರಾವತಿ ಕೇಂದ್ರ, ನಡುವೆ ನಾವು. ಹಾವೇರಿ ಕಡೆ ಹೊರಟರೆ ಧಾರವಾಡದ ದನಿ ಗಟ್ಟಿಯಾಗುತ್ತಿತ್ತು, ಶಿಕಾರಿಪುರದ ದಾರಿ ಹಿಡಿದರೆ ಭದ್ರಾವತಿಯದು.

ಮಾವನ ಒಲವು ಧಾರವಾಡದ ಕಡೆಗೇ. ಮಲ್ಲಿಕಾರ್ಜುನ ಮನಸೂರರು ಸಂಗೀತ ಸಲಹೆಗಾರರಾಗಿದ್ದ ಕೇಂದ್ರ ಅದು. ಖಯಾಲ್ ಕೇಳಬೇಕೆಂದು ಯಾರೂ ಮೆಣಸಿನಕಾಯಿ ಟೆಂಪೋ ಹತ್ತುವುದಿಲ್ಲ, ನಿಜ. ಆದರೆ ಚಿತ್ರಗೀತೆಗೆ ಕಾಯುತ್ತ ಕೂತವನ ಕಿವಿಗೆ ಅದೂ ಬೀಳುತ್ತಿತ್ತು. ಮಾವನಿಗೆ ರಾಗದ ಹೆಸರು ಗೊತ್ತಿರಲಿಲ್ಲ. ಗಂಗೂಬಾಯಿ ಹಾನಗಲ್ ಎಂದು ಹೇಳಿದರೆ ಸಾಕು, "ನಮ್ಮ ಹಾನಗಲ್ಲದ ಬಾಯಾರು" ಎಂದು ಗಾಡಿಯ ವೇಗ ತಗ್ಗಿಸುತ್ತಿದ್ದ!

ಅಷ್ಟು ದೂರದ ದನಿ ನಮಗೆ ಮುಟ್ಟುತ್ತಿದ್ದುದು ಹೇಗೆ? ವಿಜ್ಞಾನ ಓದುವ ಮಕ್ಕಳು ಲೆಕ್ಕ ಹಾಕಿ ನೋಡಬಹುದು. 765 ಕಿಲೋಹರ್ಟ್ಜ್‌ನ ಮೀಡಿಯಂ ವೇವ್ ಅಲೆಯ ಉದ್ದ ಸುಮಾರು 392 ಮೀಟರ್. ಅದು ನೆಲಕ್ಕೆ ಅಂಟಿಕೊಂಡೇ ಸಾಗುತ್ತದೆ, ಸಣ್ಣ ಗುಡ್ಡಗಳಿಗೆ ಜಗ್ಗುವುದಿಲ್ಲ. ಎಫ್‌ಎಂ ಅಲೆ ಸುಮಾರು ಮೂರೇ ಮೀಟರ್. ಅದು ಹೆಚ್ಚುಕಡಿಮೆ ಬೆಳಕಿನಂತೆ ನೇರ ಹೋಗುವುದರಿಂದ ಪಟ್ಟಣ ಬಿಟ್ಟು ದೂರ ಬಂದಂತೆ ಹಾಡು ನಡುವೆಯೇ ಕೈಕೊಡುತ್ತದೆ. ಆದರೆ ಶುದ್ಧಿಯಲ್ಲಿ ಎಫ್‌ಎಂ ಮೇಲು. ಮೀಡಿಯಂ ವೇವ್‌ನಲ್ಲಿ ದನಿ ಅಡಗಿರುವುದು ಅಲೆಯ ಎತ್ತರದಲ್ಲಿ. ಮಿಂಚು, ವಿದ್ಯುತ್ ತಂತಿ, ಪೆಟ್ರೋಲ್ ಎಂಜಿನ್ನಿನ ಸ್ಪಾರ್ಕ್ ಪ್ಲಗ್ಗಿನ ಕಿಡಿ, ಎಲ್ಲವೂ ಆ ಎತ್ತರವನ್ನು ಕೆಡಿಸಿ ಗರಗರ ಎನ್ನಿಸುತ್ತವೆ. ಡೀಸೆಲ್ ಎಂಜಿನ್ನಿಗೆ ಆ ಕಿಡಿಯಿಲ್ಲ. ಸಾಹುಕಾರರ ಪೆಟ್ರೋಲ್ ಕಾರಿಗಿಂತ ಮಾವನ ಟೆಂಪೋದಲ್ಲಿ ಹಾಡು ಚೆನ್ನಾಗಿ ಕೇಳುತ್ತಿತ್ತೆಂದು ನಾನು ಜಂಬ ಕೊಚ್ಚಿದ್ದು ಪೂರ್ತಿ ಸುಳ್ಳಲ್ಲ.

2001ರ ಜುಲೈನಲ್ಲಿ ಬೆಂಗಳೂರಿನಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಆರಂಭವಾಯಿತು. ಈಗಂತೂ ಹಾಡು ಮೊಬೈಲಿನಲ್ಲೇ ಇದೆ. ಬೇಕಾದ್ದನ್ನು ಆರಿಸಿಕೊಳ್ಳುವ ಸುಖ ದೊಡ್ಡದೇ. ಆದರೆ ಆರಿಸಲು ಕಣ್ಣು ಬೇಕು. ಗಂಟೆಗೆ 60 ಕಿಲೋಮೀಟರ್ ವೇಗದ ಬೈಕು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ನಮ್ಮ ರಸ್ತೆಗಳಲ್ಲಿ ಅಷ್ಟರೊಳಗೆ ಒಣಹಾಕಿದ ಗೋವಿನಜೋಳದ ರಾಶಿಯೋ, ದೀಪವಿಲ್ಲದ ಟ್ರ್ಯಾಕ್ಟರೋ ಎದುರಾಗಬಹುದು. ಕಿವಿಗೆ ಇಯರ್‌ಫೋನ್ ತುರುಕಿಕೊಂಡು ಕಾಲೇಜಿಗೆ ಹೊರಟವನಿಗೆ ಹಿಂದಿನ ಲಾರಿಯ ಹಾರ್ನೂ ಕೇಳದು. ಮಗನಿಗೆ ಬೈಕು ಕೊಡಿಸುವ ತಂದೆ ಹೆಲ್ಮೆಟ್ಟಿನ ಜೊತೆ ಇದನ್ನೂ ಕೇಳಬೇಕು.

ಕಳೆದ ಸುಗ್ಗಿಯಲ್ಲಿ ಮಾವನ ಮಗ ಹೊಸ ಗಾಡಿ ತಂದ. ಪಕ್ಕದ ಸೀಟಿನಲ್ಲಿ ಕೂತ ಮಾವ ಮೊದಲು ತಡಕಾಡಿದ್ದು ಗುಂಡಿಗಾಗಿ. ಇದ್ದದ್ದು ನುಣ್ಣನೆಯ ಪರದೆ.

"ಇದರಾಗ ಧಾರವಾಡ ಎಲ್ಲೈತೋ ತಮ್ಮಾ?"

"ಮೊಬೈಲ್‌ನಾಗ ಐತಿ, ತಡಿಯಪಾ" ಎಂದ ಮಗ, ಹಂಸಭಾವಿ ದಾಟಿದ ಮೇಲೆ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ ಆಕಾಶವಾಣಿ ಹುಡುಕಿದ. ದನಿ ಬಂದ ಮೇಲೆಯೇ ಮತ್ತೆ ಹೊರಟೆವು.