ಲೆಕ್ಕವೇ ಸಂಘದ ಬಂಡವಾಳ

ಸಹೋದರಿಯರೇ, ಮೊಹಲ್ಲಾದ ಮಹಿಳಾ ಸಂಘದಲ್ಲಿ ಹಣವಿಲ್ಲವೆಂದು ಕೈಚೆಲ್ಲಿ ಕೂರಬೇಡಿ. 50 ಮನೆಗಳಿಂದ ತಿಂಗಳಿಗೆ 20 ರೂಪಾಯಿಯಂತೆ ಸಂಗ್ರಹಿಸಿದರೆ ವರ್ಷಕ್ಕೆ 12,000 ರೂಪಾಯಿ. ಬಡ ಹೆಣ್ಮಕ್ಕಳ ಪುಸ್ತಕ, ಸಮವಸ್ತ್ರಕ್ಕೆ ಅದು ಆಸರೆ. ಕಚೇರಿಗೆ ಬಾಡಿಗೆ ತೆರಬೇಕಿಲ್ಲ. ಸಭೆಗೆ ಒಬ್ಬರ ಮನೆಯ ಪಡಸಾಲೆ ಸಾಕು.

ಆದರೆ ಲೆಕ್ಕ ಬರೆಯಿರಿ. ಸಾಲದ ವ್ಯವಹಾರವನ್ನೇ ಸಾಕ್ಷಿಗಳೊಂದಿಗೆ ಬರೆದಿಡಬೇಕೆಂದು ಅಲ್ ಬಕರಃದ 282ನೇ ಸೂಕ್ತ ಕಲಿಸುತ್ತದೆ. ಜನರ ಅಮಾನತ್ತಿಗೆ ಅಷ್ಟೂ ಜಾಗ್ರತೆ ಬೇಡವೇ? ಝಕಾತ್‌ಗೆ ಒಂದು ಪುಸ್ತಕ, ಸದಕಾಕ್ಕೆ ಇನ್ನೊಂದು ಇಡಿ. ಝಕಾತ್‌ನ ಹಕ್ಕುದಾರರು ಎಂಟು ವರ್ಗದವರೆಂದು ಅತ್ತೌಬಾದ 60ನೇ ಸೂಕ್ತ ಗೊತ್ತುಪಡಿಸಿದೆ. ಅದು ಸಭೆಯ ಚಹಾ, ಬ್ಯಾನರ್‌ಗಳಿಗಲ್ಲ. ಪ್ರತಿ ರೂಪಾಯಿಗೂ ರಶೀದಿ ಕೊಡಿ. ಬ್ಯಾಂಕ್ ಖಾತೆಗೆ ಇಬ್ಬರ ಸಹಿಯಿರಲಿ. ತಿಂಗಳ ಜಮಾಖರ್ಚನ್ನು ಎಲ್ಲರೆದುರು ಓದಿ ಹೇಳಿ. ನೆರವು ಪಡೆದವರ ಹೆಸರು ಮಾತ್ರ ಬೇಡ. ಅವರ ಮಾನವೂ ಅಮಾನತ್ತೇ.

ಲೆಕ್ಕ ಕೇಳಿಸಿಕೊಂಡ ಮನೆ ಮುಂದಿನ ತಿಂಗಳೂ ಬಾಗಿಲು ತೆರೆಯುತ್ತದೆ.