ಲೆಕ್ಕವಿಲ್ಲದ ದಂಧೆ, ಲೆಕ್ಕಕ್ಕೆ ಬಂದ ಸಂಜೆ

ವಸ್ತುಸಂಗ್ರಹಾಲಯವೆಂದರೆ ಸಂಜೆಯಾಗುತ್ತಲೇ ಬಾಗಿಲು ಮುಚ್ಚುವ ಸಂಸ್ಥೆಯೆಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಕಟ್ಟಡದ ನಿರ್ವಹಣೆ, ಕಾವಲು, ವಿಮೆ, ಸಿಬ್ಬಂದಿಯ ಸಂಬಳ ಇವು ಬಾಗಿಲು ಮುಚ್ಚಿದೊಡನೆ ನಿಲ್ಲುವುದಿಲ್ಲ. ಈ ವಾಸ್ತವವನ್ನರಿತ ಅಮೆರಿಕದ ಹಲವು ಸ್ಥಳೀಯ ಇತಿಹಾಸ ಸಂಗ್ರಹಾಲಯಗಳು ‘ಸ್ಪೀಕ್‌ಈಸಿ’ ಎಂಬ ಹೆಸರಿನಲ್ಲಿ ಜಾಝ್ ಸಂಗೀತದ ಸಂಜೆಗಳನ್ನು ಏರ್ಪಡಿಸುತ್ತವೆ. 1920ರ ದಶಕದ ಉಡುಪು ತೊಟ್ಟ ಅತಿಥಿಗಳು, ಎದುರಿಗೇ ನುಡಿಸುವ ವಾದ್ಯವೃಂದ, ಸಂಕೇತಪದ ಹೇಳಿದವರಿಗೆ ತೆರೆಯುವ ಬಾಗಿಲು ಇವು ಅದರ ಲಕ್ಷಣಗಳು. ಮೇಲ್ನೋಟಕ್ಕೆ ಇದು ಬರಿಯ ಮೋಜು. ಆದರೆ ವರ್ತಕರೂ ಸಣ್ಣ ಉದ್ಯಮಿಗಳೂ ಗಮನಿಸತಕ್ಕ ಲೆಕ್ಕಾಚಾರವೊಂದು ಇದರಲ್ಲಿ ಅಡಗಿದೆ.

ಪಾನನಿರೋಧದ ದಿನಗಳು

ಅಮೆರಿಕದಲ್ಲಿ ಸಂವಿಧಾನದ 18ನೆಯ ತಿದ್ದುಪಡಿಯ ಮೂಲಕ 1920ರ ಜನವರಿ 17ರಂದು ಪಾನನಿರೋಧ ಜಾರಿಗೆ ಬಂದಿತು. ಶೇ. 0.5ಕ್ಕಿಂತ ಹೆಚ್ಚು ಮದ್ಯಸಾರವುಳ್ಳ ಪಾನೀಯಗಳ ತಯಾರಿಕೆ, ಮಾರಾಟ, ಸಾಗಾಣಿಕೆ ನಿಷಿದ್ಧವಾದವು. ಕಾನೂನುಬದ್ಧ ಕಾರ್ಖಾನೆಗಳು ಮುಚ್ಚಿದವು. ಸರಕಾರದ ಅಬಕಾರಿ ವರಮಾನ ಕುಸಿಯಿತು. ಕೆಲವು ಉದ್ಯಮಿಗಳು ಇದ್ದ ಯಂತ್ರ, ಇದ್ದ ಕೌಶಲವನ್ನೇ ಬೇರೆ ದಾರಿಗೆ ತಿರುಗಿಸಿ ಉಳಿದುಕೊಂಡರು. ಆನ್‌ಹೈಸರ್-ಬುಷ್ ಸಂಸ್ಥೆ ಯೀಸ್ಟ್ ಮತ್ತು ಮಾಲ್ಟ್ ಪಾಕವನ್ನೂ, ಕೂರ್ಸ್ ಸಂಸ್ಥೆ ಮಾಲ್ಟ್ ಹಾಲಿನ ಪುಡಿ ಮತ್ತು ಪಿಂಗಾಣಿಯನ್ನೂ, ಯೂಂಗ್ಲಿಂಗ್ ಕುಟುಂಬ ಐಸ್‌ಕ್ರೀಮನ್ನೂ ತಯಾರಿಸಿ ಮಾರಿದವು.

ಆದರೆ ಬೇಡಿಕೆ ಅಳಿಯಲಿಲ್ಲ. ಅದು ನೆಲಮಾಳಿಗೆಗೆ ಇಳಿಯಿತು. ಗುಟ್ಟಾಗಿ ಮದ್ಯ ಮಾರುತ್ತಿದ್ದ ಇಂಥ ತಾಣಗಳಿಗೆ ‘ಮೆಲ್ಲಗೆ ಮಾತನಾಡಿ’ ಎಂಬ ಅರ್ಥದ ಸ್ಪೀಕ್‌ಈಸಿ ಎಂಬ ಹೆಸರಿತ್ತು. ಪರವಾನಗಿಯಿಲ್ಲ, ರಸೀದಿಯಿಲ್ಲ, ತೆರಿಗೆಯಿಲ್ಲ. ಪೊಲೀಸರಿಗೆ ಮಾಮೂಲು ಮಾತ್ರ ಉಂಟು. ಗಿರಾಕಿಗಳನ್ನು ಸೆಳೆಯಲು ಸಂಗೀತ ಬೇಕಾಯಿತು. ಷಿಕಾಗೊ, ನ್ಯೂಯಾರ್ಕ್‌ಗಳಲ್ಲಿ ಜಾಝ್ ಕಲಾವಿದರಿಗೆ ಉದ್ಯೋಗ ದೊರೆತದ್ದು ಬಹುಮಟ್ಟಿಗೆ ಇಂಥ ಕ್ಲಬ್ಬುಗಳಲ್ಲಿಯೇ. 1927ರ ಡಿಸೆಂಬರಿನಿಂದ ಡ್ಯೂಕ್ ಎಲಿಂಗ್ಟನ್‌ರ ವಾದ್ಯವೃಂದಕ್ಕೆ ಖ್ಯಾತಿ ತಂದ ಕಾಟನ್ ಕ್ಲಬ್ಬಿನ ಮಾಲೀಕ ಓನಿ ಮ್ಯಾಡನ್ ಭೂಗತ ದೊರೆ. ಅಲ್ಲಿ ವೇದಿಕೆಯ ಮೇಲೆ ಕಪ್ಪು ಜನಾಂಗದ ಕಲಾವಿದರು, ಮೇಜಿನ ಮುಂದೆ ಬಿಳಿಯರು ಮಾತ್ರ. 1933ರ ಡಿಸೆಂಬರ್ 5ರಂದು 21ನೆಯ ತಿದ್ದುಪಡಿ ಈ ನಿಷೇಧವನ್ನು ರದ್ದುಪಡಿಸಿತು.

ಲಾಸ್ ವೇಗಸ್‌ನ ಮಾದರಿ

ಈ ಬಗೆಯ ಸಂಜೆಗೆ ಸುಪ್ರಸಿದ್ಧ ನಿದರ್ಶನ ಲಾಸ್ ವೇಗಸ್‌ನ ಮಾಬ್ ಮ್ಯೂಸಿಯಂ. ಇದು ಲಾಭರಹಿತ ಸಂಸ್ಥೆ. 1933ರಲ್ಲಿ ಅಂಚೆ ಕಚೇರಿ ಮತ್ತು ನ್ಯಾಯಾಲಯವಾಗಿ ಕಟ್ಟಿದ ಕೇಂದ್ರ ಸರಕಾರಿ ಕಟ್ಟಡದಲ್ಲಿದೆ. ಸಂಘಟಿತ ಅಪರಾಧದ ಬಗ್ಗೆ ಸೆನೇಟರ್ ಕೆಫಾವರ್‌ರ ಸಮಿತಿ 1950ರ ನವೆಂಬರ್ 15ರಂದು ವಿಚಾರಣೆ ನಡೆಸಿದ್ದು ಇದೇ ಕಟ್ಟಡದಲ್ಲಿ. ಸಂರಕ್ಷಿಸಿ ಸಾಂಸ್ಕೃತಿಕ ಕಾರ್ಯಕ್ಕೆ ಬಳಸಬೇಕೆಂಬ ಷರತ್ತಿನೊಡನೆ ನಗರಾಡಳಿತಕ್ಕೆ ಇದು ಕೇವಲ 1 ಡಾಲರಿಗೆ ದೊರೆಯಿತು. ಅಗ್ಗದ ಕಟ್ಟಡವೆಂದು ಹಿಗ್ಗುವಂತಿರಲಿಲ್ಲ. ಜೀರ್ಣೋದ್ಧಾರ ಮತ್ತು ಸಂಗ್ರಹಾಲಯದ ಸಜ್ಜಿಕೆಗೆ ತಗುಲಿದ್ದು ಸುಮಾರು 4.2 ಕೋಟಿ ಡಾಲರ್. 2012ರ ಫೆಬ್ರವರಿ 14ರಂದು ಸಂಗ್ರಹಾಲಯ ತೆರೆಯಿತು. 2018ರಲ್ಲಿ ಅದರ ನೆಲಮಾಳಿಗೆ ಸ್ಪೀಕ್‌ಈಸಿಯಾಯಿತು: ಸಂಕೇತಪದದ ಪಕ್ಕದ ಬಾಗಿಲು, ಸ್ವಂತ ಭಟ್ಟಿ, ಪಾನನಿರೋಧ ಕಾಲದ ವಸ್ತುಪ್ರದರ್ಶನ, ಸಂಜೆ ಸಂಗೀತ.

ಲೆಕ್ಕ ಹಾಕುವ ಬಗೆ

ಇಂಥ ಸಂಜೆ ಲಾಭದಾಯಕವೇ? ಒಂದು ಕಾಲ್ಪನಿಕ ಉದಾಹರಣೆಯನ್ನು ರೂಪಾಯಿಗಳಲ್ಲಿ ನೋಡೋಣ. ಒಂದು ಸಂಜೆಯ ವರಮಾನ 1,00,000 ರೂ. ವಾದ್ಯಗಾರರು, ಹೆಚ್ಚುವರಿ ಸಿಬ್ಬಂದಿ, ಊಟ, ಪಾನೀಯ ಎಲ್ಲ ಸೇರಿ ಆ ಸಂಜೆಗೆಂದೇ ಆದ ವೆಚ್ಚ 60,000 ರೂ. ಕಟ್ಟಡದ ಸ್ಥಿರ ವೆಚ್ಚದಲ್ಲಿ ಸಂಜೆಯ ಪಾಲೆಂದು ಗುಮಾಸ್ತರು ಇನ್ನೂ 50,000 ರೂ. ಹಾಕಿದರೆ 10,000 ರೂ. ನಷ್ಟ ಕಾಣುತ್ತದೆ. ನಷ್ಟವೆಂದು ಸಂಜೆಯನ್ನು ನಿಲ್ಲಿಸಿದರೆ? ಆ 50,000 ರೂ. ಉಳಿಯುವುದಿಲ್ಲ, ಕೈಗೆ ಬರುತ್ತಿದ್ದ 40,000 ರೂ. ಹೋಗುತ್ತದೆ. ಎರಡನೆಯ ಪಾಳಿಯಲ್ಲಿ ಸುಮ್ಮನೆ ನಿಂತ ಲೇತ್ ಯಂತ್ರಕ್ಕೂ, ವರ್ಷದ ಅರ್ಧ ಖಾಲಿಯಿರುವ ಗೋದಾಮಿಗೂ ಇದೇ ನ್ಯಾಯ ಅನ್ವಯಿಸುತ್ತದೆ. ಆದರೆ ಸಂಜೆಯ ನಿಮಿತ್ತವೇ ಹೆಚ್ಚಿದ ವಿಮೆ, ಕಾವಲು, ಸವಕಳಿಗಳನ್ನು ಸ್ಥಿರ ವೆಚ್ಚದಲ್ಲಿ ಅಡಗಿಸಕೂಡದು. ಅವು ಸಂಜೆಯ ಖಾತೆಗೇ ಸೇರಬೇಕು.

ವೆಚ್ಚದ ಕಡೆ ಒಂದು ಅನುಕೂಲವೂ ಉಂಟು. ಅಮೆರಿಕದಲ್ಲಿ ಹಕ್ಕುಳ್ಳ ಹಾಡನ್ನು ಸಾರ್ವಜನಿಕವಾಗಿ ನುಡಿಸಲು ಪರವಾನಗಿ ಶುಲ್ಕ ತೆರಬೇಕು. ಆದರೆ 1920ರ ದಶಕದಲ್ಲಿ ಪ್ರಕಟವಾದ ರಚನೆಗಳ ಹಕ್ಕುಸ್ವಾಮ್ಯದ ಅವಧಿ ಅಲ್ಲಿ ಈಗ ಮುಗಿದಿದೆ. ಆ ದಶಕದ ರಚನೆಗಳನ್ನೇ ನುಡಿಸಿದರೆ ವಾತಾವರಣ ನಿಜವಾಗುತ್ತದೆ, ಶುಲ್ಕವೂ ಉಳಿಯುತ್ತದೆ.

ಖಾತೆಯೇ ಸಾಕ್ಷಿ

ಲಾಭರಹಿತ ಸಂಸ್ಥೆಯಾದ ಮಾತ್ರಕ್ಕೆ ಎಲ್ಲ ಆದಾಯಕ್ಕೂ ವಿನಾಯಿತಿ ಸಿಗದು. ಸಂಸ್ಥೆಯ ಮೂಲ ಉದ್ದೇಶಕ್ಕೆ ಗಣನೀಯವಾಗಿ ಸಂಬಂಧಿಸದ, ನಿಯತವಾಗಿ ನಡೆಯುವ ವ್ಯಾಪಾರದ ಒಟ್ಟು ವರಮಾನ 1,000 ಡಾಲರ್ ಮುಟ್ಟಿದರೆ ಪ್ರತ್ಯೇಕ ವಿವರಪಟ್ಟಿ ಸಲ್ಲಿಸಬೇಕು. ನಿಗಮರೂಪದ ಸಂಸ್ಥೆಗಳಿಗೆ ಆ ಆದಾಯದ ಮೇಲೆ 2018ರಿಂದ ಶೇ. 21ರ ದರ ಅನ್ವಯವಾಗುತ್ತದೆ. ಸಂಗೀತದೊಡನೆ ಆ ಕಾಲದ ಚರಿತ್ರೆಯನ್ನೂ ತಿಳಿಸುವ ಸಂಜೆಗೂ, ಬರಿಯ ಪಾನಗೋಷ್ಠಿಗೂ ಇರುವ ಅಂತರ ಹೀಗೆ ತೆರಿಗೆಯ ಅಂತರವೂ ಆಗಬಲ್ಲುದು.

ಇಲ್ಲಿ ಚರಿತ್ರೆಯ ಒಂದು ವ್ಯಂಗ್ಯವಿದೆ. ಅಕ್ರಮ ಆದಾಯಕ್ಕೂ ತೆರಿಗೆಯುಂಟೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 1927ರಲ್ಲಿ ಸಲಿವನ್ ಎಂಬ ಮದ್ಯದ ಕಳ್ಳ ವ್ಯಾಪಾರಿಯ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ಷಿಕಾಗೊದ ಅಲ್ ಕಪೋನ್ ಕೊನೆಗೆ ಸೆರೆಮನೆ ಸೇರಿದ್ದು ಕೊಲೆಯ ಆರೋಪದ ಮೇಲಲ್ಲ, 1931ರಲ್ಲಿ ತೆರಿಗೆ ವಂಚನೆಗಾಗಿ: 11 ವರ್ಷ ಶಿಕ್ಷೆ, 50,000 ಡಾಲರ್ ದಂಡ. ಜೂಜುಕಟ್ಟೆಯೊಂದರಿಂದ ವಶಪಡಿಸಿಕೊಂಡ ಲೆಕ್ಕದ ಪುಸ್ತಕಗಳು ಅವನ ವಿರುದ್ಧ ಮುಖ್ಯ ಸಾಕ್ಷ್ಯಗಳಾದವು. ಬಂದೂಕಿಗೆ ಅಂಜದವನನ್ನು ಕಿರ್ದಿ ಪುಸ್ತಕ ಹಿಡಿದುಕೊಟ್ಟಿತು.

ಮರೆಯಬಾರದ ಮಾತು

ಸ್ಪೀಕ್‌ಈಸಿಯ ಕಾಲ ಬರಿಯ ಹಾಡು, ಕುಣಿತದ ಕಾಲವಾಗಿರಲಿಲ್ಲ. ಕೈಗಾರಿಕಾ ಮದ್ಯಸಾರಕ್ಕೆ ಬೆರೆಸಿದ್ದ ಮೆಥನಾಲ್ ಕುಡಿದು ಎಷ್ಟೋ ಮಂದಿ ಸತ್ತರು. ಕಾಟನ್ ಕ್ಲಬ್ಬಿನಲ್ಲಿ ನುಡಿಸಿದವರು ಅಲ್ಲಿಯೇ ಗಿರಾಕಿಗಳಾಗಿ ಕೂರುವಂತಿರಲಿಲ್ಲ. ಟಿಕೆಟ್ ಮಾರಾಟಕ್ಕಾಗಿ ಇದನ್ನೆಲ್ಲ ಮುಚ್ಚಿಡುವ ಸಂಗ್ರಹಾಲಯ ತನ್ನ ಮುಖ್ಯ ಬಂಡವಾಳವಾದ ವಿಶ್ವಾಸಾರ್ಹತೆಯನ್ನೇ ಕರಗಿಸಿಕೊಳ್ಳುತ್ತದೆ. ಅಂಥ ಸಂಜೆಯನ್ನು ಯಾವ ಹೋಟೆಲೂ ನಡೆಸಬಲ್ಲುದು. ನಿಜವಾದ ಕಟ್ಟಡ, ನಿಜವಾದ ವಸ್ತು, ನಿಜವಾದ ಕಥೆ ಸಂಗ್ರಹಾಲಯದಲ್ಲಿ ಮಾತ್ರ ಇವೆ.

ವರ್ತಕ ಬಾಂಧವರು ಇದರಿಂದ ಗ್ರಹಿಸಬಹುದಾದುದು ಇಷ್ಟು. ಹೊಸ ಆದಾಯದ ದಾರಿಯನ್ನು ತಮ್ಮಲ್ಲಿ ಈಗಾಗಲೇ ಇರುವ ಸ್ಥಳ, ಸಮಯ, ಕೌಶಲಗಳಲ್ಲಿ ಮೊದಲು ಹುಡುಕಬೇಕು. ಅದರ ಲೆಕ್ಕವನ್ನು ಮೊದಲ ದಿನದಿಂದಲೇ ಪ್ರತ್ಯೇಕವಾಗಿ ಇಡಬೇಕು. ಮೂಲ ವೃತ್ತಿಯ ಹೆಸರಿಗೆ ಕುಂದು ಬರುವಂತಿದ್ದರೆ ಎಷ್ಟೇ ಲಾಭವಿದ್ದರೂ ಕೈಬಿಡಬೇಕು.